ಫ್ಯೂರಾ-2 ಹಾಗೂ ಜಿಕ್ಯಾಂಪ್: ಎರಡರಲ್ಲೂ ನರಕೋಶಗಳನ್ನು ನೋಡಿದ ಮೇಲೆ

ಇಲಿಯ ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗವಾದ ಹಿಪ್ಪೋಕ್ಯಾಂಪಸ್‌ನಿಂದ ತೆಗೆದ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವು ಒಂದಕ್ಕೊಂದು ಹೇಗೆ ಬೆಸೆದುಕೊಳ್ಳುತ್ತವೆ ಎಂದು ನೋಡುತ್ತೇನೆ. ಈ ಬೆಸುಗೆಯ ಸುಳಿವು ಸಿಗುವುದು ಕೋಶದೊಳಗಿನ ಕ್ಯಾಲ್ಸಿಯಂ ಏರಿಳಿತದಲ್ಲಿ; ಅದನ್ನು ತೋರಿಸುವ ಎರಡು ಸೂಚಕಗಳೇ ಫ್ಯೂರಾ-2 ಮತ್ತು ಜಿಕ್ಯಾಂಪ್. ಸುಮ್ಮನಿರುವ ಕೋಶದೊಳಗೆ ಕ್ಯಾಲ್ಸಿಯಂ ಇರುವುದು ಸುಮಾರು 100 ನ್ಯಾನೊಮೋಲಾರ್. ಹೊರಗೆ ಅದರ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಕೋಶದ ಪೊರೆಯಲ್ಲಿ ಬಾಗಿಲಿನಂತಿರುವ ಚಾನೆಲ್ ಒಂದು ಕ್ಷಣ ತೆರೆದರೆ ಸಾಕು, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ನುಗ್ಗಿದ್ದನ್ನು ಹಿಡಿಯಲು ಕ್ಯಾಲ್ಮೊಡ್ಯುಲಿನ್ ಕಾದಿರುತ್ತದೆ. 148 ಅಮೈನೊ ಆಮ್ಲಗಳ ಈ ಪುಟ್ಟ ಪ್ರೋಟೀನ್ ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದು ಆಕಾರ ಬದಲಿಸಿ, ಕ್ಯಾಮ್‌ಕೈನೇಸ್-2ರಂಥ ಕಿಣ್ವಗಳನ್ನು ಎಬ್ಬಿಸುತ್ತದೆ. ನರಕೋಶ ಕೊಂಬೆ ಚಾಚುವುದು, ಸಿನಾಪ್ಸ್ (ಎರಡು ನರಕೋಶಗಳು ಸಂದೇಶ ದಾಟಿಸುವ ಬೆಸುಗೆ) ಗಟ್ಟಿಯಾಗುವುದು ಎಲ್ಲಕ್ಕೂ ಈ ಸರಪಳಿಯ ಪಾಲಿದೆ.

ಈ ಕ್ಯಾಲ್ಸಿಯಂ ಅನ್ನು ಕಣ್ಣಿಗೆ ಕಾಣಿಸಲು ಎರಡು ದಾರಿ ಹಿಡಿದಿದ್ದೇನೆ.

ಮೊದಲನೆಯದು ಫ್ಯೂರಾ-2. ರೋಜರ್ ಚಿಯೆನ್ ಮತ್ತು ಜೊತೆಗಾರರು 1985ರಲ್ಲಿ ಕೊಟ್ಟ, ಕ್ಯಾಲ್ಸಿಯಂ ಹಿಡಿದಾಗ ಹೊಳಪು ಬದಲಿಸುವ ಡೈ. ಅರ್ಧ ಗಂಟೆ ನೆನೆಸಿ, ತೊಳೆದು, ಇನ್ನರ್ಧ ಗಂಟೆ ಬಿಟ್ಟರೆ ಅದೇ ದಿನ ನೋಡಬಹುದು. 340 ಮತ್ತು 380 ನ್ಯಾನೊಮೀಟರ್ ಬೆಳಕಿನಲ್ಲಿ ತೆಗೆದ ಚಿತ್ರಗಳ ಅನುಪಾತ ಸಿಗುವುದರಿಂದ, ಕೋಶದ ದಪ್ಪ ಹೊಟ್ಟೆಯನ್ನೂ ತೆಳ್ಳಗಿನ ಬೆಳವಣಿಗೆ ಶಂಕುವನ್ನೂ (ಬೆಳೆಯುವ ಎಳೆಯ ತುದಿ) ನ್ಯಾಯವಾಗಿ ಹೋಲಿಸಬಹುದು. ಈ ಗುಣ ನನಗೆ ತುಂಬ ಇಷ್ಟ. ಆದರೆ ಗಂಟೆ ಎರಡು ಗಂಟೆಯಲ್ಲಿ ಡೈ ಸೋರುತ್ತದೆ, ಅಂಗಕಗಳೊಳಗೆ ಸೇರಿಕೊಳ್ಳುತ್ತದೆ. ಅತಿನೇರಳೆ ಬೆಳಕು ಹೆಚ್ಚಾದರೆ ಬೆಳವಣಿಗೆ ಶಂಕುವಿನ ಬೆರಳಿನಂಥ ಎಳೆಗಳು ಕಣ್ಣೆದುರೇ ಮುದುಡಿಕೊಳ್ಳುತ್ತವೆ. ಇಂದು ನೋಡಿದ ಕೋಶವನ್ನು ನಾಳೆ ನೋಡುವ ಆಸೆ ಬಿಡಬೇಕು.

ಎರಡನೆಯದು ಜಿಕ್ಯಾಂಪ್, ಕೋಶವೇ ತಯಾರಿಸಿಕೊಳ್ಳುವ, ಕ್ಯಾಲ್ಸಿಯಂ ಏರಿದಾಗ ಹಸಿರಾಗಿ ಮಿನುಗುವ ಪ್ರೋಟೀನ್. 2001ರಲ್ಲಿ ಜುನಿಚಿ ನಕಾಯ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ನಾನು ಬಳಸಿದ್ದು ಅದರ 2013ರ ರೂಪವಾದ ಜಿಕ್ಯಾಂಪ್6ಎಸ್. ವೈರಸ್ ಮೂಲಕ ಜೀನ್ ಸೇರಿಸಿ ವಾರದಷ್ಟು ಕಾಯಬೇಕು. ಕಾದದ್ದು ಸಾರ್ಥಕ: ಅದೇ ಕೊಂಬೆಯ ಅದೇ ಮುಳ್ಳು (ಸಿನಾಪ್ಸ್ ಕೂರುವ ಪುಟ್ಟ ಉಬ್ಬು) ಇವತ್ತು, ನಾಡಿದ್ದು, ಮುಂದಿನ ವಾರ ಮಿನುಗುವುದನ್ನು ಹಿಂಬಾಲಿಸಬಹುದು.

ಎಡವಿದ್ದೂ ಇಲ್ಲೇ. ಚಿತ್ರ ಬೆಳಗಲಿ ಎಂದು ವೈರಸ್ ಜಾಸ್ತಿ ಹಾಕಿದ್ದೆ. ಆರೋಗ್ಯವಾಗಿರುವ ಕೋಶದಲ್ಲಿ ಜಿಕ್ಯಾಂಪ್ ಕೋಶಕೇಂದ್ರದೊಳಗೆ ಹೋಗುವುದಿಲ್ಲ; ಹಾಗಾಗಿ ಕೇಂದ್ರ ಹಸಿರು ಉಂಗುರದ ನಡುವೆ ಕಪ್ಪು ತೂತಿನಂತೆ ಕಾಣುತ್ತದೆ. ನನ್ನ ತಟ್ಟೆಯಲ್ಲಿ ಕೇಂದ್ರಗಳೂ ಹಸಿರಾಗಿದ್ದವು; ಆ ಕೋಶಗಳ ಕೊಂಬೆಗಳೂ ಕಡಿಮೆ, ಮೋಟು. ಕಲ್ಚರ್ ಕೆಟ್ಟಿದೆ ಎಂದುಕೊಂಡು ಮತ್ತೆರಡು ಸಲ ಹೊಸದಾಗಿ ಬೆಳೆಸಿದೆ. ಅದೇ ಫಲ. ಆಮೇಲೆ ಹೊಳೆಯಿತು: ಜಿಕ್ಯಾಂಪ್‌ನ ಹೊಟ್ಟೆಯಲ್ಲಿರುವುದೂ ಕ್ಯಾಲ್ಮೊಡ್ಯುಲಿನ್ನೇ. ಹೊಳೆಯುವ ಹಸಿರು ಪ್ರೋಟೀನಿಗೆ ಅದನ್ನು ಜೋಡಿಸಿಯೇ ಈ ಸೂಚಕವನ್ನು ಕಟ್ಟಿದ್ದಾರೆ. ಪ್ರಮಾಣ ಮೀರಿದರೆ ಅದು ಕೋಶದ ಕ್ಯಾಲ್ಸಿಯಂ ಅನ್ನು ತಾನೇ ಹೀರುತ್ತದೆ, ಎಲ್-ಬಗೆಯ ಕ್ಯಾಲ್ಸಿಯಂ ಚಾನೆಲ್‌ಗಳ ಕೆಲಸದಲ್ಲೂ ಕೈಯಾಡಿಸುತ್ತದೆ. ಕೊಂಬೆ ಬೆಳೆಯಬೇಕೆಂಬ ಸುದ್ದಿ ಕೇಂದ್ರಕ್ಕೆ ಹೋಗುವುದರಲ್ಲಿ ಆ ಚಾನೆಲ್‌ಗಳ ಪಾತ್ರ ದೊಡ್ಡದು. ಈ ತೊಂದರೆ ತಪ್ಪಿಸಲೆಂದೇ 2018ರಲ್ಲಿ ಜಿಕ್ಯಾಂಪ್-ಎಕ್ಸ್ ಎಂಬ ಮಾರ್ಪಡಿಸಿದ ರೂಪ ಬಂತು. ನಾನು ಅಳೆಯಲು ಹೊರಟ ಬೆಸುಗೆಯನ್ನು ನನ್ನ ಅಳತೆಗೋಲೇ ಬದಲಿಸುತ್ತಿತ್ತು.

ಫ್ಯೂರಾ-2 ಕೂಡ ಕ್ಯಾಲ್ಸಿಯಂ ಹಿಡಿಯುತ್ತದೆ ನಿಜ, ಹೆಚ್ಚಾದರೆ ಏರಿಳಿತವನ್ನು ಚಪ್ಪಟೆ ಮಾಡುತ್ತದೆ. ಆದರೆ ಅದರ ಕಾಟ ಕೆಲವೇ ಗಂಟೆ. ಕೋಶ ಬೆಳೆಯುವ ದಿನಗಳುದ್ದಕ್ಕೂ ಇರುವುದಿಲ್ಲ.

ಹಾಗಾಗಿ ಮೊದಲ ಮೂರು ದಿನ, ಎಳೆಗಳು ದಾರಿ ಹುಡುಕುವ ಹೊತ್ತಿಗೆ, ನಾನು ಫ್ಯೂರಾ-2ನ್ನೇ ಆರಿಸುತ್ತೇನೆ. ವಾರ ಕಳೆದು ಸಿನಾಪ್ಸ್‌ಗಳು ಮೂಡತೊಡಗಿದ ಮೇಲೆ ಜಿಕ್ಯಾಂಪ್‌ಗೆ ಸಾಟಿಯಿಲ್ಲ, ಅದೂ ವೈರಸ್ ಕಡಿಮೆ ಹಾಕಿ, ಹೋಲಿಕೆಗೆ ಪಕ್ಕದಲ್ಲಿ ಬರೀ ಹಸಿರು ಪ್ರೋಟೀನಿನ ಒಂದು ತಟ್ಟೆ ಇಟ್ಟುಕೊಂಡು. ಸಿನಾಪ್ಸ್‌ಗಳ ಲೆಕ್ಕವನ್ನಂತೂ ಜಿಕ್ಯಾಂಪ್ ಇಲ್ಲದ ತಟ್ಟೆಯಲ್ಲೇ ಮಾಡುತ್ತೇನೆ. ಈಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ತಕ್ಷಣ ಮೊದಲು ಹುಡುಕುವುದು ಮಿನುಗನ್ನಲ್ಲ, ಆ ಕಪ್ಪು ತೂತನ್ನು.