1940ರ ಫ್ರಾನ್ಸ್ ಯುದ್ಧದ ಬೋರ್ಡ್ ಗೇಮ್: ಆಜ್ಞೆಯ ವೇಗವನ್ನು ಅಳೆಯುವ ಆಟ

1940ರ ಮೇ ತಿಂಗಳಲ್ಲಿ ಜರ್ಮನಿ ಫ್ರಾನ್ಸಿನ ಮೇಲೆ ನಡೆಸಿದ ದಾಳಿಯನ್ನು ಆಧರಿಸಿದ ಬೋರ್ಡ್ ಗೇಮ್ ಒಂದನ್ನು ನಾನೂ ನಮ್ಮ ಭಾವನವರೂ ಮೂರು ಭಾನುವಾರ ಕೂತು ಆಡಿ ಮುಗಿಸಿದೆವು. ಇದರಲ್ಲಿ ನಡೆದ ಇತಿಹಾಸದ ಜೊತೆಗೆ ನಡೆಯದ ಇತಿಹಾಸವೂ ಇದೆ. ಫ್ರಾನ್ಸಿನ ಮಹಾದಂಡನಾಯಕ ಗಾಮೆಲಾನ್ ತಮ್ಮ ಏಳನೆಯ ಸೇನೆಯನ್ನು ಹಾಲೆಂಡಿನ ಬ್ರೆಡಾ ಕಡೆಗೆ ಅಟ್ಟದೆ, ಮೊದಲಿನಂತೆ ರೀಮ್ಸ್ ಸುತ್ತಮುತ್ತ ಮೀಸಲಾಗಿ ಇರಿಸಿಕೊಂಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆಂದೇ ಪ್ರತ್ಯೇಕ ಆಟವೊಂದನ್ನು ಕೊಟ್ಟಿದ್ದಾರೆ. ನಾನು ಇದನ್ನು ಕೊಂಡದ್ದೂ ಅದಕ್ಕಾಗಿಯೇ.

ಕಾಯಿಗಳನ್ನು ನಕ್ಷೆಯ ಮೇಲೆ ಜೋಡಿಸಿದಾಗ ಫ್ರಾನ್ಸಿನ ಪಕ್ಷವೇ ಬಲವಾಗಿ ಕಾಣುತ್ತದೆ, ಮತ್ತು ಅದು ಸರಿಯೇ. ಜರ್ಮನಿ ಸುಮಾರು 2,400 ಟ್ಯಾಂಕುಗಳೊಂದಿಗೆ ಇಳಿದಾಗ ಫ್ರಾನ್ಸ್ ಒಂದರ ಬಳಿಯೇ 3,000ಕ್ಕೂ ಹೆಚ್ಚು ಇದ್ದವು. ಫ್ರಾನ್ಸಿನ ಶಾರ್ ಬಿ1 ಬಿಸ್ ಟ್ಯಾಂಕಿನ 60 ಮಿ.ಮೀ. ಉಕ್ಕಿನ ಕವಚದ ಎದುರು ಜರ್ಮನಿಯ ಪ್ಯಾಂಜರ್ 3 ಟ್ಯಾಂಕಿನ 37 ಮಿ.ಮೀ. ತೋಪು ಹೆಚ್ಚೇನೂ ಮಾಡಲಾರದಾಗಿತ್ತು. ಮೇ 16ರಂದು ಸ್ಟೋನ್ ಎಂಬ ಹಳ್ಳಿಗೆ ನುಗ್ಗಿದ ಇಂಥ ಒಂದೇ ಟ್ಯಾಂಕು ಹದಿಮೂರು ಜರ್ಮನ್ ಟ್ಯಾಂಕುಗಳನ್ನು ಹಾಳುಮಾಡಿತು. ಇಷ್ಟಿದ್ದೂ ಫ್ರಾನ್ಸ್ ಆರು ವಾರಗಳಲ್ಲಿ ಸೋತದ್ದೇಕೆ ಎಂಬುದನ್ನು ಈ ಆಟ ಒಂದೇ ನಿಯಮದಲ್ಲಿ ತೋರಿಸಿಕೊಡುತ್ತದೆ.

ಜರ್ಮನ್ ಪಕ್ಷದವರು ತಮ್ಮ ಸರದಿ ಬಂದ ಕೂಡಲೇ ಕಾಯಿ ನಡೆಸಬಹುದು. ಫ್ರೆಂಚ್ ಪಕ್ಷದವರು ಆಜ್ಞೆಯನ್ನು ಚೀಟಿಯಲ್ಲಿ ಬರೆದಿಟ್ಟು, ಎರಡು ಸರದಿ ಕಾದು, ಆಮೇಲೆ ನಡೆಸಬೇಕು. ಇದು ಆಟದ ಸಮತೋಲಕ್ಕೆಂದು ಹೊಸೆದ ಅಡ್ಡಿಯಲ್ಲ. ಬಹುತೇಕ ಎಲ್ಲ ಜರ್ಮನ್ ಟ್ಯಾಂಕುಗಳಲ್ಲೂ ರೇಡಿಯೋ ಇತ್ತು. ವಿನ್ಸೆನ್ ಕೋಟೆಯಲ್ಲಿದ್ದ ಗಾಮೆಲಾನ್ ಅವರ ಕಚೇರಿಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಬಿ1 ಟ್ಯಾಂಕಿನ ಗೋಪುರದಲ್ಲಿ ಒಬ್ಬನೇ ಕೂತು ಗುಂಡು ತುಂಬಿ, ಗುರಿಯಿಟ್ಟು, ಹಾರಿಸಿ, ಅದರ ನಡುವೆಯೇ ಸಿಬ್ಬಂದಿಗೆ ಆಜ್ಞೆಯನ್ನೂ ಕೊಡಬೇಕಾಗಿತ್ತು. ರೀಮ್ಸ್‌ನಿಂದ ಮ್ಯೂಸ್ ನದಿಯ ದಡದ ಸೆಡಾನ್ ಪಟ್ಟಣದ ಕಡೆಗೆ ಹೊರಡಲು ನಾನು ಚೀಟಿ ಬರೆದಿಟ್ಟು ಕಾಯುತ್ತಿದ್ದಾಗ, ಭಾವನವರು ಜರ್ಮನ್ ಟ್ಯಾಂಕ್ ಸೇನಾನಿ ಗುಡೇರಿಯನ್ ದಳದ ಮೂರು ಕಾಯಿಗಳನ್ನು ಆ ನದಿ ದಾಟಿಸಿ ಆಚೆ ದಡದಲ್ಲಿ ನಿಲ್ಲಿಸಿದರು. ನನ್ನ ಕೈಯಲ್ಲಿ ಬಲವಿತ್ತು, ಆದರೆ ಅದು ಇನ್ನೂ ಚೀಟಿಯಲ್ಲೇ ಇತ್ತು. ಯುದ್ಧದ ಬಗ್ಗೆ ಎಷ್ಟೋ ಪುಟ ಓದಿಯೂ ನನಗೆ ಮನದಟ್ಟಾಗದಿದ್ದ ಸಂಗತಿ ಆ ಎರಡು ಸರದಿಗಳಲ್ಲಿ ಮನದಟ್ಟಾಯಿತು.

ಕೊನೆಗೂ ಏಳನೆಯ ಸೇನೆ ತಲುಪಿತು. ಇತಿಹಾಸದಲ್ಲಿ ಮೇ 20ರಂದು ಸಮುದ್ರತೀರಕ್ಕೆ ಹತ್ತಿರದ ಅಬ್‌ವಿಲ್ ಪಟ್ಟಣ ಮುಟ್ಟಿದ ಜರ್ಮನ್ ಪ್ಯಾಂಜರ್ ಟ್ಯಾಂಕುಗಳು ನಮ್ಮ ಮೇಜಿನ ಮೇಲೆ ಆ ದಿನಾಂಕಕ್ಕೆ ಅರ್ಧ ದಾರಿಯಲ್ಲೇ ನಿಂತಿದ್ದವು. ಆದರೂ ಈ ಫಲಿತಾಂಶವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ, ಏಕೆಂದರೆ ಆಟದಲ್ಲಿ ಇಂಧನದ ನಿಯಮವೇ ಇಲ್ಲ. ಬಿ1 ಟ್ಯಾಂಕು ಪೆಟ್ರೋಲನ್ನು ಬೇಗ ಬೇಗ ಖಾಲಿ ಮಾಡುತ್ತಿತ್ತು. ಮೇ 15ರಂದು ಬೆಲ್ಜಿಯಂನಲ್ಲಿ ಫ್ರಾನ್ಸಿನ ಮೊದಲನೆಯ ಕವಚ ಡಿವಿಷನ್ (ಟ್ಯಾಂಕುಗಳ ದಳ) ಇಂಧನ ತುಂಬಿಕೊಳ್ಳುತ್ತಿದ್ದಾಗಲೇ ಜರ್ಮನರ ಕೈಗೆ ಸಿಕ್ಕಿ ಛಿದ್ರವಾಯಿತು. ಇಷ್ಟು ದೊಡ್ಡ ಸಂಗತಿಯನ್ನು ಬಿಟ್ಟದ್ದು ಫ್ರೆಂಚ್ ಪಕ್ಷಕ್ಕೆ ಪುಕ್ಕಟೆ ಲಾಭ ಕೊಟ್ಟಂತೆ. ಮೇ 13ರಂದು ಸೆಡಾನ್ ಮೇಲೆ ಗಂಟೆಗಟ್ಟಲೆ ನಡೆದ ವಿಮಾನದಾಳಿಯನ್ನು ಒಂದೇ ದಾಳದಲ್ಲಿ ಮುಗಿಸಿರುವುದೂ ಸರಿಯೆನಿಸಲಿಲ್ಲ.

ಕಾಯಿಗಳು ಬೆರಳಿಗೆ ಸಿಕ್ಕದಷ್ಟು ಚಿಕ್ಕವು, ನಿಯಮಗಳ ಪುಸ್ತಕ ಇಂಗ್ಲಿಷಿನಲ್ಲಿದೆ. ತಾಳ್ಮೆಯಿರುವ ಇಬ್ಬರಿದ್ದರೆ ಖಂಡಿತ ಕೊಳ್ಳಬಹುದು. ಮುಂದಿನ ಭಾನುವಾರ ಭಾವನವರು ಫ್ರೆಂಚ್ ಪಕ್ಷ ವಹಿಸಿಕೊಳ್ಳುತ್ತಾರೆ. ಎರಡು ಸರದಿ ನಡೆದ ಬಿ1 ಕಾಯಿ ಮೂರನೆಯ ಸರದಿ ನಿಂತಲ್ಲೇ ನಿಲ್ಲಬೇಕೆಂಬ ನಿಯಮವನ್ನು ನಾವೇ ಸೇರಿಸಿಕೊಂಡಿದ್ದೇವೆ.