ಕಾಫಿ ತೂಕದ ಪರದೆಗೆ ಡಿಯರ್ ಇಮ್‌ಗುಯಿ: ಹಲವು ಸುಗ್ಗಿಗಳ ಬಳಕೆಯ ನಂತರ

ಮೊದಲೇ ಅಂಕ ಹೇಳಿಬಿಡುತ್ತೇನೆ. ತೂಕದ ಯಂತ್ರದ ಪಕ್ಕದ ಪರದೆಗೆ ಡಿಯರ್ ಇಮ್‌ಗುಯಿ ಐದಕ್ಕೆ ನಾಲ್ಕೂವರೆ. ಒಳಗೆ ಮೇಜಿನ ಮೇಲೆ ಲೆಕ್ಕ ಬರೆಯುವ ಪರದೆಗೆ ಐದಕ್ಕೆ ಒಂದೂವರೆ. ಎರಡೂ ಅಂಕ ಒಂದೇ ಲೈಬ್ರರಿಗೆ, ಅಂದರೆ ಪರದೆಯ ಮೇಲೆ ಗುಂಡಿ, ಅಂಕಿ, ಪೆಟ್ಟಿಗೆಗಳನ್ನು ತೋರಿಸಲು ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್‌ಗೆ. ಎರಡನ್ನೂ ಬದಲಿಸುವ ಇರಾದೆ ನನಗಿಲ್ಲ.

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ವ್ಯಾಪಾರಿಗಳಿಗೆ ತೂಕ ಮತ್ತು ಚೀಟಿಯ ತಂತ್ರಾಂಶ ಬರೆದುಕೊಡುವವನು ನಾನು. ಚಳಿಗಾಲದಲ್ಲಿ ಅರೇಬಿಕಾ ಬರಲು ಶುರುವಾದರೆ ರೋಬಸ್ಟಾ ಮುಗಿಯುವ ತನಕ ಅಂಗಳಕ್ಕೆ ಜೀಪು, ಪಿಕಪ್‌ಗಳು ಬರುತ್ತಲೇ ಇರುತ್ತವೆ. ಚೀಲ ಯಂತ್ರದ ಮೇಲೆ ಏರುತ್ತದೆ, ತೂಕ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುತ್ತದೆ. ಒಟ್ಟು ತೂಕ, ಖಾಲಿ ಚೀಲದ ತೂಕ, ನಿವ್ವಳ ತೂಕ, ತೇವಾಂಶ, 50 ಕಿಲೋ ಚೀಲದ ದರದಲ್ಲಿ ಮೊತ್ತ, ಇಷ್ಟೂ ಪರದೆಯಲ್ಲಿ ಕಾಣಬೇಕು. ಬೆಳೆಗಾರರು ಆ ಪರದೆಯಿಂದ ಕಣ್ಣು ಕೀಳುವುದಿಲ್ಲ. ಒಂದು ಅಂಕಿ ಇನ್ನೊಂದಕ್ಕೆ ಅರೆಕ್ಷಣ ತಾಳೆಯಾಗದೆ ಕಂಡರೂ ಮಾತು ಬೆಳೆಯುತ್ತದೆ.

ಈ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಒಮರ್ ಕೊರ್ನು ಎಂಬುವವರು 2014ರಲ್ಲಿ ಬಿಡುಗಡೆ ಮಾಡಿದ ಡಿಯರ್ ಇಮ್‌ಗುಯಿ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ, ಎಂಐಟಿ ಪರವಾನಗಿ, ದುಡ್ಡು ಕೊಡಬೇಕಿಲ್ಲ. ಕೆಲವೇ ಕಡತಗಳನ್ನು ನಮ್ಮ ಪ್ರಾಜೆಕ್ಟ್‌ಗೆ ಸೇರಿಸಿದರೆ ಆಯಿತು. ಇದರ ಹಿಂದಿನ ವಿಚಾರಕ್ಕೆ ಇಮ್ಮೀಡಿಯೆಟ್ ಮೋಡ್ ಎಂದು ಹೆಸರು. ಆಟಗಳ ಪ್ರೋಗ್ರಾಮಿಂಗ್ ವಲಯದ ಕೇಸಿ ಮುರಟೋರಿ 2005ರಲ್ಲಿ ಒಂದು ವೀಡಿಯೊದಲ್ಲಿ ಅದನ್ನು ವಿವರಿಸಿದ ಮೇಲೆ ಆ ಹೆಸರು ಹಬ್ಬಿತು.

ಹಳೆಯ ಕ್ರಮ ರಿಟೇನ್ಡ್ ಮೋಡ್. ವಿಂಡೋಸ್‌ನದು ಅದೇ, ಪರದೆ ಕಟ್ಟಲೆಂದೇ 1995ರಿಂದ ಇರುವ ಇನ್ನೊಂದು ಲೈಬ್ರರಿ ಕ್ಯೂಟಿಯದೂ ಅದೇ. ಅಲ್ಲಿ ಗುಂಡಿಯನ್ನು ಒಮ್ಮೆ ಸೃಷ್ಟಿಸಿದರೆ ಅದು ನೆನಪಿನಲ್ಲಿ ಒಂದು ವಸ್ತುವಾಗಿ ಉಳಿಯುತ್ತದೆ. ತನ್ನ ಜಾಗ, ಬರಹ, ಬಣ್ಣ ಎಲ್ಲವನ್ನೂ ತಾನೇ ಇಟ್ಟುಕೊಳ್ಳುತ್ತದೆ. ಏನಾದರೂ ಬದಲಾದರೆ ‘ಈ ಭಾಗ ಹಳತಾಯಿತು’ ಎಂದು ಗುರುತು ಹಾಕುತ್ತೇವೆ. ವ್ಯವಸ್ಥೆ ತನಗೆ ಬಿಡುವಾದಾಗ ಅಷ್ಟನ್ನು ಮಾತ್ರ ಮತ್ತೆ ಬರೆಯಲು ಹೇಳುತ್ತದೆ. ಕ್ಯೂಟಿಯಲ್ಲಿ ಒಂದೇ ಗುಂಡಿಗೆ ಹತ್ತು ಸಲ ಅಪ್‌ಡೇಟ್ ಎಂದರೂ ಅವೆಲ್ಲ ಸೇರಿ ಒಂದೇ ಬರೆಯುವಿಕೆ ಆಗುತ್ತದೆ. ಕ್ಲಿಕ್ ಆದಾಗ ಆ ಬಿಂದುವಿನಲ್ಲಿ ಯಾವ ವಸ್ತು ಇದೆ ಎಂದು ಹುಡುಕಿ, ಅದಕ್ಕೆ ಸುದ್ದಿ ಮುಟ್ಟಿಸಿ, ಅದು ಹೊರಡಿಸುವ ಸಿಗ್ನಲ್‌ಗೆ ನಾವು ಮೊದಲೇ ಜೋಡಿಸಿಟ್ಟ ಕಾರ್ಯವನ್ನು ಕರೆಯುತ್ತದೆ.

ಇಮ್‌ಗುಯಿಯಲ್ಲಿ ಅಂಥ ವಸ್ತುವನ್ನು ನಾವು ಇಟ್ಟುಕೊಳ್ಳುವುದಿಲ್ಲ. ತೋಟದಲ್ಲಿ ಬೆಳಗ್ಗೆ ರೈಟರ್ ಹಾಜರಿ ಕೂಗುವಂತೆ ಪ್ರತಿ ಫ್ರೇಮ್‌ನಲ್ಲೂ, ಅಂದರೆ ಪರದೆಯನ್ನು ಹೊಸದಾಗಿ ಬರೆಯುವ ಪ್ರತಿ ಸಲವೂ, ಪ್ರತಿ ಗುಂಡಿಯನ್ನು ಹೆಸರು ಹಿಡಿದು ಕೂಗಬೇಕು. ಕೂಗದ ಗುಂಡಿ ಆ ಫ್ರೇಮ್‌ನಲ್ಲಿ ಇಲ್ಲ. ‘ಬಟನ್’ ಎಂಬ ಒಂದೇ ಕರೆ ಗುಂಡಿಯನ್ನು ಬರೆಯುತ್ತದೆ, ಅದನ್ನು ಒತ್ತಲಾಯಿತೇ ಎಂಬುದಕ್ಕೂ ಅಲ್ಲೇ ಹೌದು ಅಥವಾ ಇಲ್ಲ ಎನ್ನುತ್ತದೆ. ಹೌದಾದರೆ ಮುಂದಿನ ಸಾಲಿನಲ್ಲೇ ಚೀಟಿ ಉಳಿಸುವ ಕೆಲಸ. ಬರೆಯುವುದು ಎಂದರೂ ನೇರವಾಗಿ ಪರದೆಗಲ್ಲ. ತ್ರಿಕೋನಗಳ ಒಂದು ಪಟ್ಟಿ ತಯಾರಾಗಿ, ಫ್ರೇಮ್‌ನ ಕೊನೆಯಲ್ಲಿ ಓಪನ್‌ಜಿಎಲ್ ಅಥವಾ ಡೈರೆಕ್ಟ್‌ಎಕ್ಸ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಮೂಲಕ ಒಟ್ಟಿಗೆ ಹೋಗುತ್ತದೆ.

ತೂಕದ ಪರದೆಯಲ್ಲಿ ಇದರ ಲಾಭ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಕ್ಯೂಟಿಯಲ್ಲಿ ನಿವ್ವಳ ತೂಕ ಎಂಬುದು ನನ್ನ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ, ಲೇಬಲ್‌ನೊಳಗೆ ಇನ್ನೊಂದು ಬರಹ. ಎರಡು ಪ್ರತಿ ಇದ್ದಲ್ಲಿ ಅವುಗಳನ್ನು ಸರಿಹೊಂದಿಸುವ ಕೂಲಿ ಕೆಲಸ ಇದ್ದೇ ಇರುತ್ತದೆ: ತೂಕ ಬದಲಾದರೆ ನಿವ್ವಳ, ನಿವ್ವಳ ಬದಲಾದರೆ ಮೊತ್ತ, ದರ ಬದಲಾದರೂ ಮೊತ್ತ. ಇಮ್‌ಗುಯಿಯಲ್ಲಿ ಫ್ರೇಮ್‌ನ ಆರಂಭದಲ್ಲಿ ಯಂತ್ರದ ಅಂಕಿಯನ್ನು ಒಮ್ಮೆ ಓದಿ, ಕಳೆದು, ಗುಣಿಸಿ, ಬರೆಯುತ್ತೇನೆ. ಒಂದೇ ಫ್ರೇಮ್‌ನ ಎಲ್ಲ ಅಂಕಿಗಳೂ ಒಂದೇ ಓದಿನಿಂದ ಹುಟ್ಟಿದವು. ಬೆಳೆಗಾರರ ಕಣ್ಣ ಮುಂದೆ ತೂಕ ಒಂದು, ಮೊತ್ತ ಇನ್ನೊಂದು ಹೇಳುವ ಕ್ಷಣವೇ ಬರುವುದಿಲ್ಲ. ನಾಲ್ಕೂವರೆ ಅಂಕದಲ್ಲಿ ಮೂರು ಇದೊಂದಕ್ಕೇ.

ಇನ್ನೊಂದು ಸುಖ, ಗುಂಡಿ ಮಾಯವಾಗುವ ಪ್ರಸಂಗ. ಚೀಟಿಗಳ ಪಟ್ಟಿಯಲ್ಲಿ ‘ರದ್ದು’ ಒತ್ತಿದ ತಕ್ಷಣ ಆ ಚೀಟಿಯ ಸಾಲೇ ಹೋಗಬೇಕು, ಅದರ ಜೊತೆ ಅದೇ ಗುಂಡಿಯೂ. ರಿಟೇನ್ಡ್ ಕ್ರಮದಲ್ಲಿ ತನ್ನ ಕ್ಲಿಕ್ ಇನ್ನೂ ಮುಗಿಯದಿರುವಾಗಲೇ ಗುಂಡಿಯನ್ನು ಅಳಿಸಿದರೆ ಪ್ರೋಗ್ರಾಮ್ ಬೀಳಬಹುದು. ‘ಆಮೇಲೆ ಅಳಿಸು’ ಎಂಬ ಪ್ರತ್ಯೇಕ ಸೌಲಭ್ಯವನ್ನು ಕ್ಯೂಟಿ ಅದಕ್ಕೆಂದೇ ಇಟ್ಟಿದೆ. ಇಲ್ಲಿ ಮುಂದಿನ ಫ್ರೇಮ್‌ನಲ್ಲಿ ಹೆಸರು ಕೂಗದಿದ್ದರೆ ಮುಗಿಯಿತು.

ಇನ್ನು ಕ್ಲಿಕ್. ಒತ್ತಿದಾಗ ಮತ್ತು ಬಿಟ್ಟಾಗ, ಎರಡೂ ಹೊತ್ತಿನಲ್ಲಿ ಮೌಸ್‌ನ ಬಾಣ ಅದೇ ಗುಂಡಿಯ ಮೇಲಿದ್ದರೆ ಮಾತ್ರ ಅದು ಕ್ಲಿಕ್. ಒತ್ತಿ ಹಿಡಿದು ಪಕ್ಕಕ್ಕೆ ಜಾರಿಸಿ ಬಿಟ್ಟರೆ ರದ್ದು. ಈ ಹಳೆಯ ಮರ್ಯಾದೆಯನ್ನು ಎರಡೂ ಕ್ರಮಗಳು ಪಾಲಿಸುತ್ತವೆ. ಆದರೆ ವಸ್ತುವೇ ಇಲ್ಲದ ಕಡೆ ‘ಅದೇ ಗುಂಡಿ’ ಯಾವುದು? ಇಮ್‌ಗುಯಿ ಇದಕ್ಕೆ ಗುಂಡಿಯ ಬರಹದಿಂದ ಒಂದು ಸಂಖ್ಯೆ ಲೆಕ್ಕ ಹಾಕಿ ಅದನ್ನೇ ಗುರುತು ಮಾಡಿಕೊಳ್ಳುತ್ತದೆ. ಬಾಣ ಯಾವ ಗುರುತಿನ ಮೇಲಿದೆ, ಯಾವ ಗುರುತನ್ನು ಒತ್ತಿ ಹಿಡಿಯಲಾಗಿದೆ ಎಂಬ ಎರಡು ಸಂಖ್ಯೆಗಳು ಕ್ಲಿಕ್ ಗುರುತಿಸಲು ಫ್ರೇಮ್‌ನಿಂದ ಫ್ರೇಮ್‌ಗೆ ನೆನಪಿರುತ್ತವೆ. ಹಾಗಾಗಿ ಹತ್ತು ಸಾಲಿನಲ್ಲೂ ‘ಮುದ್ರಿಸು’ ಎಂದೇ ಇದ್ದರೆ ಹತ್ತಕ್ಕೂ ಒಂದೇ ಗುರುತು. ಬರಹದ ಹಿಂದೆ ## ಹಾಕಿ ಕಾಣದ ಬಾಲ ಸೇರಿಸಬೇಕು, ಇಲ್ಲವೇ ಪುಶ್‌ಐಡಿ ಎಂದು ಸಾಲಿಗೊಂದು ಗುರುತು ಕೊಡಬೇಕು. ಹೊಸ ಆವೃತ್ತಿಗಳು ಒಂದೇ ಗುರುತಿನ ಎರಡು ಗುಂಡಿ ಕಂಡರೆ ಪರದೆಯಲ್ಲೇ ಎಚ್ಚರಿಸುತ್ತವೆ.

ಸಾಲಿಗೆ ಯಾವ ಗುರುತು ಕೊಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ನನ್ನ ಪಟ್ಟಿಯಲ್ಲಿ ಹೊಸ ಚೀಟಿ ಮೇಲಿನಿಂದ ಸೇರುತ್ತದೆ. ಮೂರನೆಯ ಸಾಲಿನ ‘ರದ್ದು’ ಒತ್ತಿ ಬಿಡುವಷ್ಟರಲ್ಲಿ ಇನ್ನೊಂದು ಯಂತ್ರದಿಂದ ಹೊಸ ಚೀಟಿ ಬಂದರೆ ಮೂರನೆಯ ಸಾಲಿನಲ್ಲಿ ಬೇರೆಯವರ ಕಾಫಿ ಇರುತ್ತದೆ. ಸಾಲಿನ ಕ್ರಮಸಂಖ್ಯೆಯೇ ಗುರುತಾದರೆ ಬೇರೆಯವರ ಚೀಟಿ ರದ್ದಾಗುತ್ತದೆ. ಚೀಟಿಯ ಸಂಖ್ಯೆಯೇ ಗುರುತಾದರೆ, ಒತ್ತಿದ ಗುಂಡಿ ಕೆಳಗೆ ಸರಿದಿರುವುದರಿಂದ ಕ್ಲಿಕ್ ಆಗುವುದೇ ಇಲ್ಲ, ಇನ್ನೊಮ್ಮೆ ಒತ್ತಿದರಾಯಿತು. ಹಣದ ವ್ಯವಹಾರದಲ್ಲಿ ನನಗೆ ಬೇಕಾದದ್ದು ಈ ಎರಡನೆಯದೇ. ಕ್ಯೂಟಿಯ ಪಟ್ಟಿಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿವೆ: ಒತ್ತಿದ ಸಾಲನ್ನು ನೆನಪಿಟ್ಟುಕೊಂಡು, ಸಾಲು ಸೇರಿಸಿದ್ದನ್ನು ನಾವು ಸರಿಯಾಗಿ ತಿಳಿಸಿದ್ದರೆ, ಅದು ಸರಿದದ್ದನ್ನೂ ತಾವೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಒಂದರ ಮೇಲೊಂದು ಬಂದ ಗುಂಡಿಗಳಲ್ಲಿ ಇಮ್‌ಗುಯಿ ತಲೆಕೆಳಗು. ನಂತರ ಕೂಗಿದ್ದು ಮೇಲೆ ಕಾಣುತ್ತದೆ, ಆದರೆ ಮೊದಲು ಕೂಗಿದ್ದು ಬಾಣವನ್ನು ಹಿಡಿದುಕೊಂಡುಬಿಡುತ್ತದೆ. ಕಣ್ಣಿಗೆ ಕಾಣುವ ಗುಂಡಿ ಒಂದು, ಕ್ಲಿಕ್ ಹೋಗುವುದು ಇನ್ನೊಂದಕ್ಕೆ. ‘ಮೇಲೆ ಇನ್ನೊಂದು ಬರಬಹುದು’ ಎಂದು ಮೊದಲನೆಯದಕ್ಕೆ ಮುಂಚೆಯೇ ಹೇಳಿಡಬೇಕು. ಹೇಳಿಟ್ಟರೆ ತೊಂದರೆಯಿಲ್ಲ.

ಎಲ್ಲ ದೂರನ್ನೂ ಲೈಬ್ರರಿಯ ತಲೆಗೆ ಕಟ್ಟಬಾರದು. ತೂಕ ನಿಂತ ಮೇಲೆ ಮಾತ್ರ ‘ಉಳಿಸು’ ಗುಂಡಿ ಜೀವ ಪಡೆಯಬೇಕು ಎಂಬುದು ನಮ್ಮ ನಿಯಮ. ಚೀಲ ಇನ್ನೂ ಅಲುಗುತ್ತಿದ್ದರೆ ಗುಂಡಿ ಹತ್ತಿ ಆರಿ ಮಾಡುತ್ತದೆ. ಒತ್ತಿದಾಗ ಹತ್ತಿದ್ದು ಬಿಡುವ ಮುಂಚೆ ಆರಿದರೆ ಇಮ್‌ಗುಯಿ ಒತ್ತಿದ್ದನ್ನು ಮರೆತುಬಿಡುತ್ತದೆ. ಕ್ಯೂಟಿಯ ಗುಂಡಿಯೂ ಹಾಗೆಯೇ ಮಾಡುತ್ತದೆ. ಅಂಕಿ ಅರ್ಧ ಸೆಕೆಂಡು ನಿಂತಿದೆಯೇ ಎಂದು ನೋಡಿ ಆಮೇಲೆ ಗುಂಡಿ ಹತ್ತಿಸುವುದು ಪ್ರೋಗ್ರಾಮ್ ಬರೆಯುವವರ ಹೊಣೆ.

ಕಳೆದ ಅರ್ಧ ಅಂಕ ವಿದ್ಯುತ್ತಿಗೆ. ಸೆಕೆಂಡಿಗೆ 60 ಸಲ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, ಯಾರೂ ನೋಡದಿದ್ದರೂ ಪೂರ್ತಿ ಪರದೆ ಬರೆಯುತ್ತಲೇ ಇರುತ್ತದೆ. ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯುವ ಹೊತ್ತಿನಲ್ಲಿ, ಫ್ಯಾನ್ ಇಲ್ಲದ ಸಣ್ಣ ಪೆಟ್ಟಿಗೆಯಲ್ಲಿ ಇದು ಸುಮ್ಮನೆ ಸುಡುವ ಕಾಸು. ಮೌಸ್, ಕೀಲಿಮಣೆ ಅಥವಾ ತೂಕದಲ್ಲಿ ಸುದ್ದಿಯಿದ್ದಾಗ ಮಾತ್ರ ಬರೆ, ಇಲ್ಲವಾದರೆ ಮಲಗು ಎಂದು ಬರೆಸಬಹುದು. ಅಲ್ಲೊಂದು ಸೂಕ್ಷ್ಮವಿದೆ. 2022ರ ಫೆಬ್ರವರಿಯ 1.87ನೇ ಆವೃತ್ತಿಯಿಂದ ಇಮ್‌ಗುಯಿ ಬಂದ ಸುದ್ದಿಗಳನ್ನು ಸರದಿಯಲ್ಲಿಟ್ಟು ಹನಿಹನಿಯಾಗಿ ಬಿಡುತ್ತದೆ: ಒತ್ತಿದ್ದೂ ಬಿಟ್ಟದ್ದೂ ಒಂದೇ ಫ್ರೇಮ್‌ಗೆ ಬಂದರೆ ಒತ್ತಿದ್ದನ್ನು ಈ ಫ್ರೇಮ್‌ಗೆ, ಬಿಟ್ಟದ್ದನ್ನು ಮುಂದಿನದಕ್ಕೆ. ನಿಧಾನದ ಕಂಪ್ಯೂಟರಿನಲ್ಲಿ ಕ್ಲಿಕ್ ಕಳೆದುಹೋಗದಿರಲೆಂದು ಮಾಡಿದ ಒಳ್ಳೆಯ ಏರ್ಪಾಡು. ಆದರೆ ಒಂದು ಫ್ರೇಮ್ ಬರೆದು ನಾವು ಮಲಗಿಬಿಟ್ಟರೆ ‘ಬಿಟ್ಟದ್ದು’ ಸರದಿಯಲ್ಲೇ ಕಾದಿರುತ್ತದೆ. ಗುಂಡಿ ಒತ್ತಿದಂತೆಯೇ ನಿಂತಿರುತ್ತದೆ. ಸುದ್ದಿ ಬಂದ ಮೇಲೆ ಇನ್ನೂ ಎರಡು ಮೂರು ಫ್ರೇಮ್ ಬರೆದೇ ಮಲಗಬೇಕು.

ಈಗ ಒಂದೂವರೆ ಅಂಕದ ಕಥೆ. ಒಳಗಿನ ಮೇಜಿನಲ್ಲಿ ಕೂರುವವರು ದಿನವಿಡೀ ಹೆಸರು, ಊರು, ಮುಂಗಡ, ಬಾಕಿ ಬರೆಯುತ್ತಾರೆ. ಕನ್ನಡದಲ್ಲಿ. ಅಕ್ಷರಗಳನ್ನು ಜೋಡಿಸಿ ರೂಪಿಸುವ ವ್ಯವಸ್ಥೆ ಇಮ್‌ಗುಯಿಯಲ್ಲಿ ಇಲ್ಲ. ಇಲ್ಲ ಎಂದು ಅದರ ಪರಿಚಯ ಪುಟದಲ್ಲೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಯೂನಿಕೋಡ್‌ನ ಒಂದೊಂದು ಸಂಕೇತಕ್ಕೆ ಒಂದೊಂದು ಚಿತ್ರ ತೆಗೆದು ಸಾಲಾಗಿ ಇಡುತ್ತದೆ, ಅಷ್ಟೇ. ‘ತೂಕ’ ಎಂಬ ಪದ ಹೇಗೋ ದಾಟಿಕೊಳ್ಳುತ್ತದೆ. ‘ಚಿಕ್ಕಮಗಳೂರು’ ಬಂದರೆ ಕಕಾರದ ಒತ್ತು ಕೆಳಗಿಳಿಯದೆ ಎರಡು ಕಕಾರಗಳ ನಡುವೆ ಅರ್ಧಾಕ್ಷರದ ಚಿಹ್ನೆ ಎದ್ದು ನಿಲ್ಲುತ್ತದೆ. ಕೃಷ್ಣಪ್ಪ ಎಂಬ ಹೆಸರನ್ನು ಹಾಗೆ ಮುರಿದು ತೋರಿಸಿದರೆ ಆ ಹೆಸರಿನವರು ಯಾಕೆ ಸುಮ್ಮನಿರಬೇಕು? ಕನ್ನಡದ ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸ್ಥಾನಗಳನ್ನು ನಾವೇ ಹೇಳಿ ಫಾಂಟ್ ತುಂಬಿಸಬೇಕಿತ್ತು. 2025ರ ಜೂನ್‌ನ 1.92ರಿಂದ ಬೇಕಾದ ಅಕ್ಷರ ಬೇಕಾದಾಗ ತಾನೇ ಬರುತ್ತದೆ, ಗಾತ್ರವೂ ಸುಲಭವಾಗಿ ಬದಲಾಗುತ್ತದೆ. ಒತ್ತಕ್ಷರದ ಕಥೆ ಮಾತ್ರ ಅಲ್ಲೇ ಇದೆ.

ತೂಕದ ಪರದೆಯ ಸ್ಥಿರ ಪದಗಳನ್ನು ಅಕ್ಷರ ಜೋಡಿಸಿಕೊಡುವ ಹಾರ್ಫ್‌ಬಜ್ ಎಂಬ ಲೈಬ್ರರಿ ಬಳಸಿ ಮೊದಲೇ ಚಿತ್ರವಾಗಿಸಿ ಅಂಟಿಸಿದ್ದೇನೆ. ಅಂಕಿಗಳಿಗೆ ಅದರ ಅಗತ್ಯವಿಲ್ಲ. ಆದರೆ ಬೆರಳಚ್ಚಿಸುವ ಪೆಟ್ಟಿಗೆಗೆ ಚಿತ್ರ ಅಂಟಿಸಲಾಗದು. ಕರ್ಸರ್ ಒತ್ತಕ್ಷರದ ಹೊಟ್ಟೆಯೊಳಗೆ ನಿಲ್ಲುತ್ತದೆ. ಕ್ಯೂಟಿ ಹಾರ್ಫ್‌ಬಜ್ ಅನ್ನು ಒಳಗೇ ಇಟ್ಟುಕೊಂಡಿರುವುದರಿಂದ ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ದೃಷ್ಟಿದೋಷ ಇರುವವರಿಗೆ ಪರದೆ ಓದಿ ಹೇಳುವ ತಂತ್ರಾಂಶಗಳಿಗೂ ಇಮ್‌ಗುಯಿಯ ಗುಂಡಿಗಳು ಕಾಣುವುದಿಲ್ಲ, ಕ್ಯೂಟಿಯವು ಕಾಣುತ್ತವೆ. ನೆನಪಿನಲ್ಲಿ ವಸ್ತುವಾಗಿ ಉಳಿಯುವ ಗುಂಡಿಯ ಬಗ್ಗೆ ಹೊರಗಿನವರು ವಿಚಾರಿಸಬಹುದಲ್ಲ.

ಡಬಲ್ ಕ್ಲಿಕ್ ಬಗ್ಗೆಯೂ ಹೇಳಬೇಕು. ಇಮ್‌ಗುಯಿಯಲ್ಲಿ ಎರಡು ಕ್ಲಿಕ್‌ಗಳ ನಡುವೆ ಇರಬಹುದಾದ ಅಂತರ, ನಾವು ಬದಲಿಸದಿದ್ದರೆ, 0.30 ಸೆಕೆಂಡು. ವಿಂಡೋಸ್‌ನಲ್ಲಿ 0.50. ಇಪ್ಪತ್ತರ ಹುಡುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವಯಸ್ಸಾದ ಗುಮಾಸ್ತರು ಮಾತ್ರ “ಸಾರ್, ಎರಡು ಸಲ ಒತ್ತಿದರೂ ಲೆಕ್ಕ ತೆರೆಯುತ್ತಿಲ್ಲ” ಎಂದು ಫೋನ್ ಮಾಡುತ್ತಾರೆ. ಒಂದು ಸಾಲಿನಲ್ಲಿ ಬದಲಿಸಬಹುದಾದ ವಿಷಯ, ಆದರೆ ಬದಲಿಸಬೇಕೆಂದು ತಿಳಿದಿರಬೇಕು. ಕ್ಯೂಟಿ ವಿಂಡೋಸ್‌ನ ಸೆಟ್ಟಿಂಗನ್ನೇ ಕೇಳಿಕೊಳ್ಳುತ್ತದೆ. ಟಚ್ ಪರದೆಯಲ್ಲಿ ಬೆರಳು ಎತ್ತಿದ ಮೇಲೂ ಬಾಣ ಅಲ್ಲೇ ಇದೆ ಎಂದುಕೊಂಡು ಗುಂಡಿ ಹೊಳೆಯುತ್ತಲೇ ಇರುವುದು ಇನ್ನೊಂದು ಕಿರಿಕಿರಿ. ಬೆರಳೆತ್ತಿದಾಗ ಬಾಣವನ್ನು ಪರದೆಯಾಚೆ ಕಳಿಸಿದರೆ ಅದು ನಿಲ್ಲುತ್ತದೆ.

ಕ್ಯೂಟಿಯನ್ನು ಹೊಗಳಿದ್ದು ಜಾಸ್ತಿಯಾಯಿತು ಎನಿಸಿದರೆ ಇದನ್ನೂ ಕೇಳಿ: ಅದು ಭಾರ. ಚಿಕ್ಕ ಪ್ರೋಗ್ರಾಮಿಗೂ ದೊಡ್ಡ ಮೂಟೆ ಹೊತ್ತುಕೊಂಡೇ ಬರುತ್ತದೆ. ಪರವಾನಗಿ ಎಲ್‌ಜಿಪಿಎಲ್, ಜಿಪಿಎಲ್, ವಾಣಿಜ್ಯ ಎಂದು ಹಲವು ಬಗೆ. ಮಾರುವ ತಂತ್ರಾಂಶಕ್ಕೆ ಬಳಸುವವರು ಷರತ್ತುಗಳನ್ನು ಓದಿಯೇ ಮುಂದುವರಿಯಬೇಕು. ರಸ್ಟ್ ಭಾಷೆ ಬಲ್ಲವರಿಗೆ ಇಮ್ಮೀಡಿಯೆಟ್ ಮೋಡ್‌ನಲ್ಲೇ ಈಗುಯಿ ಎಂಬುದೊಂದಿದೆ, ಬ್ರೌಸರ್‌ನಲ್ಲೂ ಓಡುತ್ತದೆ. ಅದನ್ನು ನಾನು ಅಂಗಳದಲ್ಲಿ ದುಡಿಸಿಲ್ಲ, ಆದ್ದರಿಂದ ಅಂಕ ಕೊಡುವುದಿಲ್ಲ.

ಈಗ ನನ್ನ ಗ್ರಾಹಕರಲ್ಲಿ ಇರುವುದು ಹೀಗೆ: ಹೊರಗೆ ತೂಕದ ಪರದೆ ಇಮ್‌ಗುಯಿಯಲ್ಲಿ, ಒಳಗೆ ಲೆಕ್ಕದ ಪರದೆ ಮತ್ತು ಚೀಟಿಯ ಮುದ್ರಣ ಕ್ಯೂಟಿಯಲ್ಲಿ, ನಡುವೆ ಒಂದೇ ಡೇಟಾಬೇಸ್. ಎರಡನ್ನೂ ನೋಡಿಕೊಳ್ಳುವುದು ಒಬ್ಬನಿಗೆ ತುಸು ಹೆಚ್ಚಿನ ಕೆಲಸವೇ. ಹೊಸದಾಗಿ ಪ್ರಯತ್ನಿಸುವವರು ಇಮ್‌ಗುಯಿಯ ಜೊತೆಗೇ ಬರುವ ಡೆಮೊ ಕಿಟಕಿಯನ್ನು ತೆರೆದು, ಬೇಕಾದ ಗುಂಡಿ ಕಂಡೊಡನೆ ಅದರ ಕೋಡ್ ಹುಡುಕಿ ಓದಿ. ಬೇರೆ ಪಾಠ ಹುಡುಕಬೇಕಿಲ್ಲ. ಕನ್ನಡದಲ್ಲಿ ಬರೆಯಬೇಕಾದ ಪೆಟ್ಟಿಗೆ ಒಂದೇ ಒಂದಿದ್ದರೂ ಆ ಕಿಟಕಿಯನ್ನು ಕ್ಯೂಟಿಗೆ ಬಿಟ್ಟುಕೊಡಿ.