ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸದಸ್ಯತ್ವ, ಕರ್ನಾಟಕ ರಾಜ್ಯ ಕೇಂದ್ರ: ಹಳೆಯ ಸದಸ್ಯನೊಬ್ಬನ ವಿಮರ್ಶೆ

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಕಿರಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ) ಸದಸ್ಯತ್ವಕ್ಕೆ ಹಣ ಕಟ್ಟುವುದರಿಂದ ಏನು ಪ್ರಯೋಜನ? ಎರಡು ದಶಕಗಳಿಗೂ ಹೆಚ್ಚು ಕಾಲ ಈ ಸಂಸ್ಥೆಯ ಸದಸ್ಯನಾಗಿದ್ದು, ಮೊದಲು ಮೈಸೂರಿನಲ್ಲೂ ಈಗ ಬೆಂಗಳೂರಿನಲ್ಲೂ ಅದರ ಚಟುವಟಿಕೆಗಳಲ್ಲಿ ಭಾಗವಹಿಸುತ್ತ ಬಂದಿರುವ ಸಿವಿಲ್ ಎಂಜಿನಿಯರ್ ಆಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಿನ ಮುಂದೆ ಎಂಐಇ ಎಂದು ಬರೆದುಕೊಳ್ಳುವುದಕ್ಕಷ್ಟೇ ಸದಸ್ಯರಾಗುವವರಿಗೆ ಇದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಸಂಜೆಯ ಉಪನ್ಯಾಸಗಳಿಗೆ ಬಂದು ಕುಳಿತು, ಹಿರಿಯರ ಮಾತು ಕೇಳಿ, ಮರುದಿನ ಸೈಟ್‌ನಲ್ಲಿ ಅದನ್ನು ಪರೀಕ್ಷಿಸಿ ನೋಡುವವರಿಗೆ ಕಾಲೇಜಿನಲ್ಲಿ ಸಿಗದ ಕಲಿಕೆ ಇಲ್ಲಿ ಸಿಗುತ್ತದೆ.

ಸಂಸ್ಥೆ 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾಯಿತು. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ, 1935ರ ಸೆಪ್ಟೆಂಬರ್ 9ರಂದು ರಾಯಲ್ ಚಾರ್ಟರ್, ಅಂದರೆ ಬ್ರಿಟಿಷ್ ದೊರೆಯ ಸನ್ನದು, ದೊರೆಯಿತು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಿಂದ ಹಿಡಿದು ಜವಳಿ, ಗಣಿ, ಕೃಷಿ ಎಂಜಿನಿಯರಿಂಗ್‌ವರೆಗೆ 15 ವಿಭಾಗಗಳು ಒಂದೇ ಸೂರಿನಡಿ ಇರುವುದು ಇದರ ವಿಶೇಷ. ಕರ್ನಾಟಕ ರಾಜ್ಯ ಕೇಂದ್ರವು ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ವೀಧಿಯಲ್ಲಿದೆ, ವಿಧಾನಸೌಧದ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದಾದ್ದರಿಂದ ಕಚೇರಿ ಮುಗಿಸಿಕೊಂಡು ಬರುವವರಿಗೆ ಅನುಕೂಲ. ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದ ಕಡೆ ಸ್ಥಳೀಯ ಕೇಂದ್ರಗಳಿವೆ.

ಒಂದು ತಪ್ಪು ತಿಳಿವಳಿಕೆಯನ್ನು ಆರಂಭದಲ್ಲೇ ನಿವಾರಿಸಬೇಕು. ಈ ಸದಸ್ಯತ್ವ ವೃತ್ತಿ ನಡೆಸುವ ಪರವಾನಗಿ ಅಲ್ಲ. ವಕೀಲರಿಗೆ 1961ರ ಕಾಯ್ದೆಯೂ ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯೂ ಇರುವಂತೆ ಎಂಜಿನಿಯರ್‌ಗಳ ವೃತ್ತಿಯನ್ನು ನಿಯಂತ್ರಿಸುವ ರಾಷ್ಟ್ರಮಟ್ಟದ ಶಾಸನಬದ್ಧ ಮಂಡಳಿಯನ್ನು ನಾವು ದಶಕಗಳಿಂದ ಕೇಳುತ್ತಲೇ ಬಂದಿದ್ದೇವೆ. ಕಟ್ಟಡ ನಕ್ಷೆಗೆ ಸಹಿ ಹಾಕಲು ಸ್ಥಳೀಯ ಸಂಸ್ಥೆಗಳಲ್ಲಿ ಪ್ರತ್ಯೇಕ ನೋಂದಣಿ ಬೇಕು. ಆದರೆ ಸಂಸ್ಥೆ ನೀಡುವ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರಕ್ಕೆ ನಿಜವಾದ ಬಳಕೆ ಇದೆ: ಹಳೆಯ ಯಂತ್ರಗಳನ್ನು ಆಮದು ಮಾಡಿಕೊಳ್ಳುವಾಗ ಅವುಗಳ ವಯಸ್ಸು, ಸ್ಥಿತಿ ಮತ್ತು ಮೌಲ್ಯ ಕುರಿತು ಚಾರ್ಟರ್ಡ್ ಎಂಜಿನಿಯರ್ ವರದಿಯನ್ನು ಕಸ್ಟಮ್ಸ್‌ನವರು ಕೇಳುತ್ತಾರೆ. ಸ್ವಂತ ಸಲಹಾ ವೃತ್ತಿ ನಡೆಸುವವರಿಗೆ ಇದೊಂದೇ ಕಾರಣ ಸಾಕಾಗಬಹುದು.

ನನ್ನ ಮಟ್ಟಿಗೆ ಸದಸ್ಯತ್ವದ ಬೆಲೆ ಇರುವುದು ಉಪನ್ಯಾಸಗಳಲ್ಲಿ. ಭೂಕಂಪ ನಿರೋಧಕ ವಿನ್ಯಾಸದ ಸಂಹಿತೆಗಳಾದ ಐಎಸ್ 1893 ಮತ್ತು ಐಎಸ್ 13920, ಇವೆರಡೂ 2016ರಲ್ಲಿ ಪರಿಷ್ಕೃತಗೊಂಡ ನಂತರ ನಾನು ಕೇಳಿದ ಒಂದು ಉಪನ್ಯಾಸವನ್ನು ಉದಾಹರಣೆಯಾಗಿ ಹೇಳುತ್ತೇನೆ. ಮಾತನಾಡಿದವರು ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್. ಪರದೆಯ ಮೇಲಿನ ಸ್ಲೈಡ್‌ಗಳನ್ನು ಬೇಗ ಮುಗಿಸಿದ ಅವರು, ಚೀಲದಿಂದ 8 ಮಿ.ಮೀ. ಕಂಬಿಯಲ್ಲಿ ಬಗ್ಗಿಸಿದ, ಕಂಬದ ಉದ್ದನೆಯ ಕಂಬಿಗಳನ್ನು ಸುತ್ತಿ ಹಿಡಿಯುವ ಎರಡು ರಿಂಗ್‌ಗಳನ್ನು ತೆಗೆದು ಸಭಿಕರ ಕೈಗೆ ಕೊಟ್ಟರು. ಒಂದರ ತುದಿ 90 ಡಿಗ್ರಿಗೆ ಬಾಗಿತ್ತು, ಮತ್ತೊಂದರ ತುದಿ 135 ಡಿಗ್ರಿಗೆ ಬಾಗಿ ಕಂಬದ ಒಡಲಿನೊಳಕ್ಕೆ ಹೋಗುವಂತಿತ್ತು. ಕಂಪನಕ್ಕೆ ಕಂಬದ ಹೊರಗಿನ ಕವರ್ ಕಾಂಕ್ರೀಟ್ ಉದುರಿದರೆ 90 ಡಿಗ್ರಿಯ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ರಿಂಗ್ ಬಿಚ್ಚಿಕೊಂಡ ಮೇಲೆ ಒಳಗಿನ ಕಾಂಕ್ರೀಟಿಗೆ ಹಿಡಿತವಿರುವುದಿಲ್ಲ, ಉದ್ದನೆಯ ಕಂಬಿಗಳು ಹೊರಕ್ಕೆ ಬಾಗುತ್ತವೆ, ಕಂಬ ಕುಸಿಯುತ್ತದೆ. 135 ಡಿಗ್ರಿಯ ಕೊಕ್ಕೆ ಒಳಗೇ ಕಚ್ಚಿಕೊಂಡಿರುತ್ತದೆ. ಆ ಕೊಕ್ಕೆಯ ಬಾಲ ಕಂಬಿಯ ವ್ಯಾಸದ 6 ಪಟ್ಟು ಇರಬೇಕು, ಆದರೆ 65 ಮಿ.ಮೀ.ಗಿಂತ ಕಡಿಮೆಯಾಗಬಾರದು ಎನ್ನುತ್ತದೆ ಸಂಹಿತೆ. 8 ಮಿ.ಮೀ. ಕಂಬಿಗೆ 6 ಪಟ್ಟು ಎಂದರೆ 48 ಮಿ.ಮೀ. ಮಾತ್ರ; ಆದ್ದರಿಂದ ನಮ್ಮ ಸಾಮಾನ್ಯ ಮನೆಗಳ ಕಂಬಗಳಲ್ಲಿ 65 ಮಿ.ಮೀ.ಯ ಮಿತಿಯೇ ಅನ್ವಯಿಸುತ್ತದೆ ಎಂಬುದನ್ನು ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು.

ಅದೇ ಸಂಜೆ ಅವರು ಎತ್ತಿದ ಇನ್ನೊಂದು ಪ್ರಶ್ನೆ ನನ್ನ ಕೆಲಸದ ರೀತಿಯನ್ನೇ ತಿದ್ದಿತು. 2016ರ ಐಎಸ್ 1893ರ ಪ್ರಕಾರ ಮಂಗಳೂರು ಮೂರನೇ ಭೂಕಂಪ ವಲಯದಲ್ಲಿದ್ದುದರಿಂದ ಅಲ್ಲಿ ಐಎಸ್ 13920 ಕಡ್ಡಾಯವಾಗಿತ್ತು. ಬೆಂಗಳೂರು ಎರಡನೇ ವಲಯದಲ್ಲಿದ್ದುದರಿಂದ ಇಲ್ಲಿ ಐಚ್ಛಿಕವಾಗಿತ್ತು. ಐಚ್ಛಿಕ ಎಂದ ಕೂಡಲೇ ಬೇಕಾಗಿಲ್ಲ ಎಂದು ತಿಳಿಯುವುದು ಸರಿಯೇ ಎಂದು ಅವರು ಕೇಳಿದರು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರಬಿಂದುವಿನಿಂದ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ, ನೆಲಮಹಡಿಯನ್ನು ಕಾರ್ ನಿಲುಗಡೆಗೆ ಖಾಲಿ ಬಿಟ್ಟಿದ್ದ ಎಷ್ಟೋ ಅಪಾರ್ಟ್‌ಮೆಂಟುಗಳು ಕುಸಿದವು. ಬೆಂಗಳೂರಿನ 30×40 ನಿವೇಶನಗಳಲ್ಲಿ ಇಂದು ಏಳುತ್ತಿರುವ ಬಾಡಿಗೆ ಕಟ್ಟಡಗಳೂ ಅದೇ ಮಾದರಿಯವು. ರಿಂಗ್‌ನ ತುದಿಯನ್ನು ಇನ್ನಷ್ಟು ಬಗ್ಗಿಸಲು ಬಾರ್ ಬೆಂಡರ್‌ಗೆ ಕೆಲವು ಕ್ಷಣ ಹೆಚ್ಚು ಬೇಕು, ಕಂಬಿಯ ಖರ್ಚು ತೀರಾ ಅಲ್ಪ. ಅಂದಿನಿಂದ ನಾನು ಬೆಂಗಳೂರಿನ ನಕ್ಷೆಗಳಲ್ಲೂ 135 ಡಿಗ್ರಿಯ ಕೊಕ್ಕೆಯನ್ನೇ ಬರೆಯುತ್ತೇನೆ, ಕಾಂಕ್ರೀಟ್ ಹಾಕುವ ಮುನ್ನ ಸೈಟ್‌ಗೆ ಹೋಗಿ ಪರಿಶೀಲಿಸುತ್ತೇನೆ. ಸಂಹಿತೆಯ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ಅದರ ಒಂದು ಸಾಲು ಒಂದು ಮನೆಯ ಜೀವವನ್ನು ಹೇಗೆ ಉಳಿಸುತ್ತದೆ ಎಂಬುದನ್ನು ಮನಸ್ಸಿಗೆ ನಾಟಿಸಿದ್ದು ಆ ಸಭಾಂಗಣ.

ವೇದಿಕೆಯ ಮಾತಿನಷ್ಟೇ ಮುಖ್ಯವಾದದ್ದು ಉಪನ್ಯಾಸದ ನಂತರ ಕಾಫಿ ಕುಡಿಯುತ್ತ ನಡೆಯುವ ಚರ್ಚೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದು ಚೈನ್ ಕಡಿದು ಕೊಚ್ಚಿಹೋದಾಗ ತಿಂಗಳುಗಟ್ಟಲೆ ನಮ್ಮ ನಡುವೆ ಅದೇ ಮಾತು. ತುಂಬಿ ನಿಂತಿದ್ದ ಜಲಾಶಯದಿಂದ ನೀರು ರಭಸವಾಗಿ ಹರಿಯುತ್ತಿರುವಾಗಲೇ, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತುರ್ತಾಗಿ ತಯಾರಿಸಿದ ಸ್ಟಾಪ್‌ಲಾಗ್ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ಕಿಂಡಿಯನ್ನು ಮುಚ್ಚಿದ್ದು ಎಂಜಿನಿಯರಿಂಗ್ ಕೌಶಲದ ದೊಡ್ಡ ಸಾಧನೆ. ನೀರಾವರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಹಿರಿಯ ಸದಸ್ಯರು ಆ ದಿನಗಳಲ್ಲಿ ಗೇಟ್‌ನ ರಬ್ಬರ್ ಸೀಲ್, ಚೈನ್‌ನ ಕೊಂಡಿ, ಗ್ರೀಸ್, ತುಕ್ಕು, ಪ್ರತಿಭಾರದ ತೂಕ ಇವುಗಳ ಬಗ್ಗೆ ವಿವರಿಸುತ್ತಿದ್ದುದನ್ನು ಕೇಳಿ, 1953ರಲ್ಲಿ ಪೂರ್ಣಗೊಂಡ ಅಣೆಕಟ್ಟೊಂದನ್ನು ಕಾಪಾಡಿಕೊಳ್ಳುವುದು ಕಟ್ಟಿದಷ್ಟೇ ಕಠಿಣ ಎಂಬುದು ನನಗೆ ಸ್ಪಷ್ಟವಾಯಿತು. ಇಂಥ ಅನುಭವ ಹೆಚ್ಚಿನ ಪಾಲು ಬರಹಕ್ಕೆ ಇಳಿಯದೆ ವ್ಯಕ್ತಿಗಳ ನೆನಪಿನಲ್ಲೇ ಇದೆ. ಅದನ್ನು ಧ್ವನಿಮುದ್ರಿಸಿ ಇಡುವ ಕೆಲಸವನ್ನು ಎಂಜಿನಿಯರ್‌ಗಳ ಸಂಘಗಳಲ್ಲದೆ ಬೇರೆ ಯಾರು ಮಾಡಿಯಾರು?

ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನ ವರ್ಷದ ಅತಿ ದೊಡ್ಡ ಕಾರ್ಯಕ್ರಮ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬವಾದ್ದರಿಂದ ಕರ್ನಾಟಕದಲ್ಲಿ ಅದಕ್ಕೆ ಮನೆಯ ಹಬ್ಬದ ಕಳೆ ಇರುತ್ತದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಲು ಒಳ್ಳೆಯ ದಿನ. ವಿಶ್ವ ಜಲ ದಿನ, ಪರಿಸರ ದಿನ, ದೂರಸಂಪರ್ಕ ದಿನಗಳ ಆಚರಣೆಯೂ ನಡೆಯುತ್ತದೆ. ಆದರೆ ಕಲಿಯಬೇಕೆನ್ನುವವರು ಸಾಧಾರಣ ವಾರದ ಸಂಜೆಯನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ, ಏಕೆಂದರೆ ಆಗ ಪ್ರಶ್ನೋತ್ತರಕ್ಕೆ ಸಮಯ ಇರುತ್ತದೆ. ನಾನು ಸದಸ್ಯನಾಗಿದ್ದ ಮತ್ತೊಂದು ವೃತ್ತಿಪರ ಸಂಘದಲ್ಲಿ ಹಾರ, ಶಾಲು, ಸನ್ಮಾನಗಳಲ್ಲೇ ಮುಕ್ಕಾಲು ಸಂಜೆ ಕಳೆದು ತಜ್ಞರಿಗೆ ಹತ್ತು ನಿಮಿಷ ಉಳಿಯುತ್ತಿತ್ತು. ಕೊನೆಗೆ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಡಿಪ್ಲೊಮಾ ಮುಗಿಸಿದವರು ಇದನ್ನು ವಿಶೇಷ ಗಮನವಿಟ್ಟು ಓದಬೇಕು. ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಕಾರ್ಖಾನೆಗಳ ಕಾಲದಲ್ಲಿ ಹಗಲು ಪಾಳಿ ಮುಗಿಸಿ ರಾತ್ರಿ ಓದಿ ಈ ಸಂಸ್ಥೆಯೇ ನಡೆಸುವ ಎಎಂಐಇ (ಸಹ ಸದಸ್ಯತ್ವ) ಪರೀಕ್ಷೆಯ ಎ ಮತ್ತು ಬಿ ಸೆಕ್ಷನ್‌ಗಳನ್ನು ದಾಟಿ, ಕಾಲೇಜಿನ ಮೆಟ್ಟಿಲು ಹತ್ತದೆಯೇ ಪದವಿಗೆ ಸಮಾನವಾದ ಅರ್ಹತೆ ಪಡೆದು ಉನ್ನತ ಹುದ್ದೆಗೇರಿದವರು ಅನೇಕರು. ನನಗೆ ಕೆಲಸ ಕಲಿಸಿದ ಹಿರಿಯರಲ್ಲೂ ಅಂಥವರಿದ್ದರು. ಅವರ ಮೂಲಜ್ಞಾನದ ಗಟ್ಟಿತನ ನನಗೆ ಇಂದಿಗೂ ಮಾದರಿ. ಆದರೆ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯದ 2012ರ ಡಿಸೆಂಬರ್‌ನ ಆದೇಶದ ಫಲವಾಗಿ, 2013ರ ಮೇ 31ರವರೆಗೆ ನೋಂದಾಯಿಸಿಕೊಂಡವರಿಗಷ್ಟೇ ಆ ಸಮಾನತೆ ಉಳಿದಿದೆ. ಸರ್ಕಾರಿ ನೌಕರಿ ಅಥವಾ ಬಡ್ತಿಯ ಉದ್ದೇಶದಿಂದ ಈಗ ಆ ಪರೀಕ್ಷೆಗೆ ಸೇರಬಯಸುವವರು ತಮ್ಮ ಇಲಾಖೆಯ ನೇಮಕಾತಿ ನಿಯಮವನ್ನು ಲಿಖಿತವಾಗಿ ಖಚಿತಪಡಿಸಿಕೊಂಡ ನಂತರವೇ ಹಣ ಕಟ್ಟಬೇಕು. ಬಡ ಮನೆಯ ಮಕ್ಕಳಿಗೆ ತೆರೆದಿದ್ದ ದೊಡ್ಡ ಬಾಗಿಲೊಂದು ಹೀಗೆ ಮುಚ್ಚಿದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಂಸ್ಥೆಯ ಸಂಶೋಧನಾ ಪತ್ರಿಕೆಗಳು ಎ ಯಿಂದ ಇ ವರೆಗಿನ ಐದು ಸರಣಿಗಳಲ್ಲಿ ಸ್ಪ್ರಿಂಗರ್ ಮೂಲಕ ಪ್ರಕಟವಾಗುತ್ತವೆ. ಅಧ್ಯಾಪಕರಿಗೂ ಸಂಶೋಧಕರಿಗೂ ಅವು ಉಪಯುಕ್ತ. ಸೈಟ್ ಎಂಜಿನಿಯರ್‌ಗೆ ಅವುಗಳ ಅಗತ್ಯ ಅಪರೂಪ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಕನ್ನಡದ ಲೆಕ್ಕದಲ್ಲಿದೆ. ನಮ್ಮ ಇಲಾಖೆಗಳ ಕಡತಗಳು ಕನ್ನಡದಲ್ಲಿವೆ, ಮೇಸ್ತ್ರಿ, ಬಾರ್ ಬೆಂಡರ್, ಸೆಂಟ್ರಿಂಗ್ ಕೆಲಸದವರೊಂದಿಗೆ ನಾವು ಆಡುವ ಮಾತು ಹೆಚ್ಚಾಗಿ ಕನ್ನಡ. ಆದರೆ ತಾಂತ್ರಿಕ ಉಪನ್ಯಾಸಗಳಲ್ಲಿ ನಾನು ಕೇಳಿದವು ಬಹುಪಾಲು ಇಂಗ್ಲಿಷಿನವು. ಆ 135 ಡಿಗ್ರಿಯ ಕೊಕ್ಕೆಯ ಪಾಠವನ್ನು ಅರ್ಧ ದಿನ ಕನ್ನಡದಲ್ಲಿ, ರಿಂಗ್ ಬಗ್ಗಿಸುವವರನ್ನೇ ಎದುರಿಗೆ ಕೂರಿಸಿಕೊಂಡು, ಜಿಲ್ಲೆ ಜಿಲ್ಲೆಗಳಲ್ಲಿ ನಡೆಸಬೇಕೆಂದು ನನ್ನ ಮನವಿ. ಅಂಥ ಶಿಬಿರ ಏರ್ಪಾಡಾದರೆ ಪಾಠ ಹೇಳಲು ನಾನು ಯಾವ ಶನಿವಾರ ಬೇಕಾದರೂ ಬರಲು ಸಿದ್ಧನಿದ್ದೇನೆ.